ಭೂತಕಾಲವಿಲ್ಲದ ಹಾಡುಗಳು

೯ ಫೆಬ್ರವರಿ

ಪ್ರೀತಿಯ ಪೀಪಿ,

ಆಲ್ಬಂ ಕಳಿಸಿ ಇಷ್ಟು ದಿನವಾದರೂ ಅಕ್ಕನಿಂದ ಒಂದು ಸಾಲಿಲ್ಲ ಎಂದು ಮುಖ ಊದಿಸಿಕೊಂಡು ಕೂತಿರುತ್ತೀಯ. ಊದಿಸಿಕೋ, ತಪ್ಪು ನನ್ನದೇ. ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ವರ್ಗವಾಗಿ ಹೋದಳು. ಅವಳ ರೋಗಿಗಳೂ ನನ್ನ ತಲೆಗೇ ಬಿದ್ದಿದ್ದಾರೆ. ಮನೆಗೆ ಬಂದರೆ ನಿನ್ನ ಭಾವನ ಬೆನ್ನುನೋವು. "ಊರವರ ಬೆನ್ನೆಲ್ಲ ನೆಟ್ಟಗೆ ಮಾಡ್ತೀಯ, ನನ್ನ ಬೆನ್ನು ಮಾತ್ರ ನಿನ್ನ ಕಣ್ಣಿಗೇ ಬೀಳಲ್ಲ" ಎಂದು ದಿನಾ ದೂರು.

ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು "ಚೆನ್ನಾಗಿದ್ಯಾ ಅಕ್ಕ, ಊಟ ಆಯ್ತಾ" ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಕರೆಯುತ್ತಾರೆ, ನೀನು ಓಡುತ್ತೀಯ. ನಾನು ಹಾಸ್ಟೆಲಿಗೆ ಹೋದ ಕಾಲದಿಂದಲೂ ನಮ್ಮಿಬ್ಬರ ನಿಜವಾದ ಮಾತು ನಡೆದದ್ದು ಕಾಗದದಲ್ಲೇ ಅಲ್ಲವೇ?

'ಹಗಲೇ ಹಗಲು' ಮೊದಲ ಸಲ ಕೇಳಿದ್ದು ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುತ್ತಾ. ಮೊದಲ ಹಾಡಿನ ಆ ಧಿಂ ಧಿಂ ಶುರುವಾದದ್ದೇ ತಡ, ನನಗೆ ಗೊತ್ತಿಲ್ಲದೆ ನನ್ನ ಸೊಂಟ ಕುಣಿಯುತ್ತಿತ್ತು. ಪೇಪರ್ ಓದುತ್ತಿದ್ದ ನಿನ್ನ ಭಾವ ಬಾಗಿಲಿಗೆ ಬಂದು ನಿಂತು, "ಇದೇನು, ತೊಳೀತಿದ್ದೀಯೋ ಕುಣೀತಿದ್ದೀಯೋ?" ಎಂದರು. ಮೂರನೇ ಹಾಡಿಗೆ ಅವರ ಪಾದವೂ ನೆಲ ತಟ್ಟುತ್ತಿತ್ತು. ಬೆನ್ನುನೋವು ಅಂತೆ!

ಮಾರನೆಯ ದಿನ ಅದನ್ನು ಆಸ್ಪತ್ರೆಗೆ ಒಯ್ದೆ. ನಮ್ಮ ವ್ಯಾಯಾಮದ ಕೋಣೆ ನಿನಗೆ ಗೊತ್ತಲ್ಲ, ಹಿಂದಿನ ಕಟ್ಟಡದ ನೆಲಮಹಡಿಯಲ್ಲಿರುವುದು. ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ, ನಡುವೆ ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ಮೂಲೆಯಲ್ಲಿ ನೀಲಿ ಚಾಪೆಗಳ ರಾಶಿ. ಅಲ್ಲಿಗೆ ಬರುವವರಿಗೆ ಕನ್ನಡಿ ಎಂದರೆ ಆಗದು. ಯಾರಿಗೆ ತಾನೇ ತನ್ನ ಜೋತುಬಿದ್ದ ಕೈಯನ್ನು ನೋಡುವ ಆಸೆ?

ನನ್ನ ಬಳಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇದ್ದಾನೆ. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಒಂದು ಕಾಲು ಹೋಯಿತು. ಕೃತಕ ಕಾಲು ಸಿಕ್ಕಿದೆ, ಅಳತೆಯೂ ಸರಿಯಿದೆ, ಆದರೆ ಮನುಷ್ಯ ಎದ್ದು ನಿಲ್ಲಲು ಒಪ್ಪ. "ಊರಲ್ಲಿರೋರನ್ನೆಲ್ಲ ಮೇಲಕ್ಕೆತ್ತಿದವನು ನಾನು. ಈಗ ನನ್ನನ್ನೆತ್ತೋಕೆ ಯಾರಿದ್ದಾರೆ ಮೇಡಂ?" ಎಂದು ಗಾಲಿಕುರ್ಚಿಯಲ್ಲೇ ಕೂತಿರುತ್ತಿದ್ದ. ಅವತ್ತು ನಿನ್ನ 'ಬಾಗಿಲು ತೆರೆ' ಹಾಡು ಹಾಕಿದೆ. ಸುಮ್ಮನೆ ಕೇಳಿದ. ಚಪ್ಪಾಳೆಯ ಸದ್ದು ಬರುವ ಕಡೆ ಅವನ ಒಳ್ಳೆಯ ಕಾಲು ಅಲ್ಲಾಡಿತು. ಇನ್ನೊಂದು ಸಲ ಹಾಕಿ ಎಂದ. ಮೂರನೇ ಸಲಕ್ಕೆ ಕಂಬಿ ಹಿಡಿದು ಎದ್ದು ನಿಂತಿದ್ದ, ಪೀಪಿ. ಬೈಯುತ್ತಾ, ಬೆವರುತ್ತಾ, ಆದರೆ ನಿಂತಿದ್ದ. ನಾನು ವಾರಗಟ್ಟಲೆ ಬೇಡಿಕೊಂಡರೂ ಆಗದ್ದನ್ನು ನಿನ್ನ ಹಾಡು ಮಾಡಿತು.

ಈಗ ಇಡೀ ಕೋಣೆಗೆ ನಿನ್ನದೇ ಹುಚ್ಚು. ಡಾಕ್ಟರುಗಳು ನಮ್ಮ ಕೋಣೆಗೆ 'ಡಾನ್ಸ್ ಕ್ಲಾಸ್' ಎಂದು ಹೆಸರಿಟ್ಟಿದ್ದಾರೆ. ಒಪ್ಪದವರು ಒಬ್ಬರೇ, ನಮ್ಮ ಟೀಚರಮ್ಮ. ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟು ನಿವೃತ್ತರಾದವರು, ಪಾರ್ಶ್ವವಾಯುವಿನಿಂದ ಎಡಭಾಗ ಸೋತಿದೆ, ನಾಲಿಗೆ ಮಾತ್ರ ಚೂರೂ ಸೋತಿಲ್ಲ. ನಿನ್ನ ಹಾಡುಗಳನ್ನು ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಟ್ಟರು: "ಇಷ್ಟು ಹಾಡಲ್ಲಿ ಒಂದಾದ್ರೂ ಭೂತಕಾಲದ ಕ್ರಿಯಾಪದ ಇದ್ಯಾ, ನೋಡು. ಬಾ, ಏಳು, ಕುಣಿ, ಹಾರು. ಬರೀ ಆಜ್ಞೆ! ನಾನೂ ಕ್ಲಾಸಲ್ಲಿ ಇಷ್ಟು ವರ್ಷ ಇದನ್ನೇ ಹೇಳ್ದೆ. ಒಬ್ರೂ ಕುಣೀಲಿಲ್ಲ."

ಪಕ್ಕದಲ್ಲಿ ಕೂತಿದ್ದ ಅವರ ಯಜಮಾನರು ಬಾಯಿ ಮುಚ್ಚಿಕೊಂಡು ನಕ್ಕರು. ಅವರು ದಿನಾ ಮಧ್ಯಾಹ್ನ ಬರುತ್ತಾರೆ. ತೆಳ್ಳಗಿನ ಮನುಷ್ಯ, ಒಗೆದು ಒಗೆದು ಬಣ್ಣ ಬಿಟ್ಟ ಅಂಗಿ. ಹೆಂಡತಿ ವ್ಯಾಯಾಮ ಮಾಡುವಷ್ಟು ಹೊತ್ತೂ ಕುರ್ಚಿಯ ಕೈಮೇಲೆ ಬೆರಳಲ್ಲಿ ತಾಳ ಹಾಕುತ್ತಾರೆ. "ನಿಮ್ಮ ತಂಗಿ ಹಾಡಲ್ಲಿ ಏನೋ ಇದೆ ಕಣಮ್ಮ. ಕೇಳ್ತಾ ಇದ್ರೆ ಮುಂದೆ ಎಲ್ಲ ಸರಿಹೋಗತ್ತೆ ಅನ್ಸತ್ತೆ" ಎಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ನಿನಗೆ ಯಾವ ಪತ್ರಿಕೆಯವರು ಕೊಟ್ಟಾರು?

ವೇಳೆಗೆ ಸರಿಯಾಗಿ ಊಟ ಮಾಡು. ವೇದಿಕೆಯ ಮೇಲೆ ಹಾಗೆ ಎಗರುವವಳು ಮೊದಲು ಸ್ವಲ್ಪ ವ್ಯಾಯಾಮ ಮಾಡಿ ಮಂಡಿ ಬಿಸಿ ಮಾಡಿಕೊಳ್ಳಬೇಕು, ಇದು ಅಕ್ಕನ ಮಾತಲ್ಲ, ಫಿಸಿಯೋಥೆರಪಿಸ್ಟಿನ ಮಾತು. ನಿನ್ನ ಯಜಮಾನರಿಗೆ ನನ್ನ ನೆನಪು ತಿಳಿಸು.

ನಿನ್ನ ಅಕ್ಕ

ಮರೆತಿದ್ದೆ: ಮೆಕ್ಯಾನಿಕ್ಕಿಗೆ ನಿನ್ನ ಸಹಿ ಮಾಡಿದ ಫೋಟೋ ಬೇಕಂತೆ. ಕೃತಕ ಕಾಲಿನ ಮೇಲೇ ಅಂಟಿಸಿಕೊಳ್ಳುತ್ತಾನಂತೆ.

*

೨೩ ಮೇ

ಪ್ರೀತಿಯ ಪೀಪಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಈ ಸಲದ ತಡಕ್ಕೆ ಕೆಲಸ ಕಾರಣವಲ್ಲ. ನೀನು ಕೇಳಿದ್ದಕ್ಕೆ ಹೇಗೆ ಉತ್ತರ ಬರೆಯುವುದೆಂದು ತಿಳಿಯಲಿಲ್ಲ. ಎರಡು ಸಲ ಶುರು ಮಾಡಿ ಹರಿದು ಹಾಕಿದೆ. ಕೋಪ ಮಾಡಿಕೊಳ್ಳದೆ ಕೊನೆಯವರೆಗೂ ಓದು.

ಮೊದಲು ಒಳ್ಳೆಯ ಸುದ್ದಿ. ಮೆಕ್ಯಾನಿಕ್ ಮನೆಗೆ ಹೋದ. ನಡೆದುಕೊಂಡೇ ಹೋದ. ಹೊರಬಾಗಿಲವರೆಗೂ ನಾನು ಜೊತೆಗಿದ್ದೆ. ಬಾಗಿಲಲ್ಲಿ ನಿಂತು, "ಮೇಡಂ, ನಿಮ್ಮ ಆಸ್ಪತ್ರೆ ಲಿಫ್ಟ್ ಸದ್ದು ಮಾಡ್ತಿದೆ, ಬೇರಿಂಗ್ ಹೋಗಿರ್ಬೇಕು, ಯಾರಿಗಾದ್ರೂ ಹೇಳಿ" ಎಂದ. ಬಂದಂದಿನಿಂದ ಅವನು ತನ್ನ ಕೆಲಸದ ಮಾತು ಅಷ್ಟು ಮಾಮೂಲಾಗಿ ಆಡಿದ್ದು ಅದೇ ಮೊದಲು. ನಾನು ಕಣ್ಣೊರೆಸಿಕೊಂಡು ಒಳಗೆ ಬಂದೆ. ಅದು ನಿನ್ನ ಪುಣ್ಯದ ಲೆಕ್ಕಕ್ಕೇ ಸೇರಲಿ.

ನೀನು ಬರೆದಿದ್ದೆ: 'ಎರಡನೇ ಆಲ್ಬಂ ಶುರು ಮಾಡ್ತಾ ಇದ್ದೀನಿ, ಇದೇ ಥರದ್ದು, ಇನ್ನೂ ಜೋರಾಗಿ. ಜನಕ್ಕೆ ಖುಷಿ ಬೇಕು ಅಕ್ಕ. ನಿನ್ನ ವಾರ್ಡಿನವರನ್ನ ಕೇಳಿ ಹೇಳು, ಇನ್ನೇನು ಬೇಕು ಅಂತ.' ನೀನಾಗಿ ಕೇಳಿದ್ದೀಯ, ಹೇಳುತ್ತೇನೆ. ಆದರೆ ಮೊದಲು ನಡೆದದ್ದನ್ನು ತಿಳಿಸಬೇಕು.

ಟೀಚರಮ್ಮನ ಯಜಮಾನರು ತೀರಿಕೊಂಡರು. ಆಸ್ಪತ್ರೆಗೆ ಬರಲು ಹೊರಟು, ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತವರು ಕೂತ ಹಾಗೆಯೇ ಹೋಗಿಬಿಟ್ಟರು. ನಾವು ಇಲ್ಲಿ ವ್ಯಾಯಾಮ ಮುಗಿಸಿ, "ಇವತ್ತೇನು ಸವಾರಿ ತಡ?" ಎಂದು ಟೀಚರಮ್ಮನನ್ನು ರೇಗಿಸುತ್ತಿದ್ದೆವು. ಅವರೂ, "ಪೇಪರಿನ ಕೊನೇ ಅಕ್ಷರದವರೆಗೂ ಓದ್ದೆ ಹೊರಡೋ ಆಸಾಮಿ ಅಲ್ಲ" ಎಂದು ನಗುತ್ತಿದ್ದರು. ಹೇಳಲು ಅವರ ಅಣ್ಣನ ಮಗ ಬಂದ. ಬಾಗಿಲಲ್ಲೇ ನಿಂತ ಅವನ ಮುಖ ನೋಡಿ ಟೀಚರಮ್ಮ, "ಒಳಗೆ ಬಂದು ಹೇಳು" ಎಂದರು. ಅಷ್ಟೇ.

ಗಾಲಿಕುರ್ಚಿಯಲ್ಲೇ ಅವರನ್ನು ಕರೆದುಕೊಂಡು ಹೋದರು. ಇನ್ನು ಬಹಳ ದಿನ ಬರುವುದಿಲ್ಲವೆಂದು ನಾವೆಲ್ಲ ಅಂದುಕೊಂಡೆವು. ಎಲ್ಲ ಮುಗಿದ ಮಾರನೆಯ ಬೆಳಿಗ್ಗೆಯೇ ವಾಪಸ್ಸು ಬಂದು ಕಂಬಿಯ ಮುಂದೆ ಹಾಜರಾದರು. ತಲೆ ಬಾಚಿಕೊಂಡಿದ್ದರು, ಸೀರೆಯ ನೆರಿಗೆ ಎಂದಿನ ಹಾಗೆ ಒಂದರ ಮೇಲೊಂದು ಕೂತಿತ್ತು. "ಟೀಚರಮ್ಮ, ಇವತ್ತು ಬೇಡ" ಎಂದೆ. "ಮನೇಲಿ ಕೂತು ಏನು ಮಾಡ್ಲಿ? ಅವರಿಗೆ ಇಷ್ಟವಾಗಿದ್ದ ಹಾಡೇ ಹಾಕು" ಎಂದರು. ಹಾಕಿದೆ.

ಎಂಥ ವ್ಯಾಯಾಮ ಮಾಡಿದರು ಗೊತ್ತೇ! ಅಲ್ಲಿಯವರೆಗೆ ಗೊಣಗುತ್ತಾ ಒಂದು ಹೆಜ್ಜೆ ಇಡುತ್ತಿದ್ದವರು ತಾಳಕ್ಕೆ ಸರಿಯಾಗಿ ಕಂಬಿಯ ಆ ತುದಿಯವರೆಗೂ ಹೋಗಿ ತಿರುಗಿ ಬಂದರು. ಮುಖದಲ್ಲಿ ನಗು. ವಾರಪೂರ್ತಿ ಹೀಗೇ ನಡೆಯಿತು. ದೊಡ್ಡ ಡಾಕ್ಟರು ಬಂದು ನೋಡಿ, "ಮನೋಬಲ ಅಂದ್ರೆ ಇದು" ಎಂದು ಎಲ್ಲರ ಮುಂದೆ ಹೊಗಳಿದರು. ನನಗೂ ಹೆಮ್ಮೆಯಾಯಿತು, ನಿನ್ನ ಬಗ್ಗೆಯೇ. ನೋಡು, ನನ್ನ ತಂಗಿಯ ಹಾಡು ಇಂಥ ದುಃಖವನ್ನೂ ದಾಟಿಸುತ್ತಿದೆ ಎಂದುಕೊಂಡೆ.

ಆ ಎಂಟನೇ ಹಾಡಿದೆಯಲ್ಲ, ಎಲ್ಲರೂ ಒಟ್ಟಿಗೆ 'ಹಾರೋಣ ಹಾರೋಣ' ಎಂದು ಕೂಗುವುದು, ಅದರ ನಡುವೆ ಒಂದು ದಿನ ಅವರು ನಿಂತುಬಿಟ್ಟರು. ನಾನು ಕಾಲು ಸೋತಿತೆಂದು ಹಿಡಿದುಕೊಳ್ಳಲು ಓಡಿದೆ. ಕಾಲು ಸೋತಿರಲಿಲ್ಲ. ಕಂಬಿ ಹಿಡಿದು ಮೆಲ್ಲಗೆ ತಾವೇ ಚಾಪೆಯ ಮೇಲೆ ಕೂತರು. ಕೂತು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು.

"ನಿಲ್ಸಮ್ಮ ಅದನ್ನ" ಎಂದರು.

ನಿಲ್ಲಿಸುವ ಗುಂಡಿ ನನ್ನ ಕೈಗೆ ಬೇಗ ಸಿಗಲಿಲ್ಲ. ಅಷ್ಟರಲ್ಲಿ ಆ ಹಾಡು ಮುಗಿದು, ಉಸಿರಾಡುವಷ್ಟೂ ಬಿಡುವಿಲ್ಲದೆ ಮುಂದಿನದು ಶುರುವಾಯಿತು. ಆಗ ಅವರು ಕೂಗಿಕೊಂಡರು, ಪೀಪಿ. ಅಷ್ಟು ಶಿಸ್ತಿನ ಹೆಂಗಸು. "ಅಯ್ಯೋ ನಿಲ್ಸೇ! ಇದು ನಿಲ್ಲೋದೇ ಇಲ್ವಲ್ಲೇ! ಅವರಿಲ್ಲ ಅಂತ ಒಂದು ನಿಮಿಷ ನೆನೆಸ್ಕೊಳ್ಳೋಣ ಅಂದ್ರೆ ಇದರಲ್ಲಿ ಜಾಗಾನೇ ಇಲ್ವಲ್ಲೇ!"

ನಿಲ್ಲಿಸಿದೆ. ಕೋಣೆಯಲ್ಲಿದ್ದವರೆಲ್ಲ ಕೈಯೆತ್ತಿದವರು ಎತ್ತಿದ ಹಾಗೆ, ಬಗ್ಗಿದವರು ಬಗ್ಗಿದ ಹಾಗೆ ನಿಂತಿದ್ದರು. ಟೀಚರಮ್ಮ ಅತ್ತರು. ಗಂಡ ಸತ್ತ ದಿನ ಅಳದವರು, ಆಮೇಲೂ ಅಳದವರು, ಅವತ್ತು ನೆಲದ ಮೇಲೆ ಕೂತು ಚಾಪೆಯ ಅಂಚನ್ನು ಒಳ್ಳೆಯ ಕೈಯಲ್ಲಿ ಹಿಸುಕುತ್ತಾ ಅತ್ತರು. ನಾನು ಪಕ್ಕದಲ್ಲಿ ಕೂತೆ. ಕಾಲು ಜೋಮು ಹಿಡಿಯುವವರೆಗೂ ಕೂತಿದ್ದೆವು. ಆ ದಾರಿಯಾಗಿ ಹೋಗುತ್ತಿದ್ದ ದೊಡ್ಡ ಡಾಕ್ಟರು ಇಣುಕಿ, "ಏನು, ಇವತ್ತು ಡಾನ್ಸ್ ಕ್ಲಾಸಿಗೆ ರಜೆಯಾ?" ಎಂದರು. ಯಾರೂ ನಗದೇ ಇದ್ದದ್ದು ನೋಡಿ ಹಾಗೇ ಮುಂದೆ ಹೋದರು.

ಅತ್ತು ಮುಗಿದ ಮೇಲೆ ಟೀಚರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ನಿನ್ನ ತಂಗಿಗೆ ವಯಸ್ಸೆಷ್ಟು?" ಹೇಳಿದೆ. "ಹಾಗಾದ್ರೆ ತೀರ ಚಿಕ್ಕೋಳೇನಲ್ಲ. ಅವಳಿಗೆ ಯಾವತ್ತೂ ಏನೂ ಆಗಿಲ್ವೇನೇ?"

ನಾನು ಅವರನ್ನು ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸಿದೆ. ಚಾಪೆ ಸುತ್ತಿ ಮೂಲೆಯಲ್ಲಿಟ್ಟೆ.

ಆಮೇಲೆ ಕೆಲವು ದಿನ ಹಾಡೇ ಇಲ್ಲದೆ ವ್ಯಾಯಾಮ ಮಾಡಿಸಿದೆ. ಸುಳ್ಳು ಹೇಳುವುದಿಲ್ಲ, ಕೋಣೆ ಸತ್ತ ಹಾಗಿತ್ತು. ವಾಕರ್ ನೆಲಕ್ಕೆ ತಾಗುವ ಟಕ್ ಟಕ್ ಬಿಟ್ಟರೆ ಸದ್ದಿಲ್ಲ. ಹೊಸದಾಗಿ ಸೇರಿದವರ ಕಾಲು ಮೇಲೇಳಲಿಲ್ಲ. ನನಗೂ ಸಾಕುಸಾಕಾಗುತ್ತಿತ್ತು. ಕೊನೆಗೆ ಬಾಯಿಬಿಟ್ಟವರು ಟೀಚರಮ್ಮನೇ. "ನಾನು ಅತ್ತಿದ್ದಕ್ಕೆ ಇವರಿಗೆಲ್ಲ ಯಾಕೆ ಶಿಕ್ಷೆ? ಹಾಕು. ಆದ್ರೆ ಒಂದು ಷರತ್ತು. ನಾನು ಕೈ ಎತ್ತಿದ ತಕ್ಷಣ ನಿಲ್ಲಿಸ್ಬೇಕು. ಯಾಕೆ ಏನು ಅಂತ ಕೇಳೋ ಹಾಗಿಲ್ಲ."

ಒಪ್ಪಿಕೊಂಡೆ. ಅವರು ಎತ್ತುತ್ತಿದ್ದದ್ದು ಎಡಗೈಯನ್ನು. ಅದಕ್ಕೂ ಮುಂಚೆ ಅದು ಭುಜದ ಮಟ್ಟಕ್ಕೂ ಬರುತ್ತಿರಲಿಲ್ಲ. ನಿನ್ನ ಹಾಡಿಗೆ ಕಾಲು ಎದ್ದಿತ್ತು, ನಿನ್ನ ಹಾಡನ್ನು ನಿಲ್ಲಿಸಲು ಕೈ ಎದ್ದಿತು! ನಾನು ಹಾಗೆಂದಾಗ ಟೀಚರಮ್ಮ ನಕ್ಕರು. ಆ ದಿನಗಳಲ್ಲಿ ಅವರು ನಿಜವಾಗಿ ನಕ್ಕದ್ದು ಅದೇ. ಒಂದೊಂದು ದಿನ ಒಂದೇ ಹಾಡಿಗೆ ಮೂರು ಸಲ ನಿಲ್ಲಿಸುತ್ತಿದ್ದರು. ಕೆಲವು ದಿನ ಒಂದು ಸಲವೂ ಇಲ್ಲ. ಉಳಿದವರೂ ಇದನ್ನು ಕಲಿತರು. ಯಾರು ಕೈ ಎತ್ತಿದರೂ ನಿಲ್ಲಿಸುತ್ತೇನೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ನಿಂತಿರುತ್ತೇವೆ. ಯಾರಾದರೂ "ಹೂಂ" ಎಂದರೆ ಮತ್ತೆ ಶುರು.

ಟೀಚರಮ್ಮ ಹೋದ ವಾರ ಮನೆಗೆ ಹೋದರು, ಕೋಲು ಹಿಡಿದುಕೊಂಡು. ಅಣ್ಣನ ಮಗನ ಮನೆಯಲ್ಲಿರುತ್ತಾರೆ. ಹೋಗುವಾಗ ನಿನಗೊಂದು ಮಾತು ಹೇಳಿದ್ದಾರೆ, ಅವರ ಮಾತಲ್ಲೇ ಬರೆಯುತ್ತೇನೆ: "ನನ್ನ ಕಾಲನ್ನ ಎತ್ತಿಸಿದವಳು ನೀನೇ ಅಂತ ಹೇಳು. ಅದನ್ನ ಮರೆಯಲ್ಲ. ಮುಂದಿನ ಸಲ ಕೂತ್ಕೊಳ್ಳೋಕೂ ಒಂದು ಹಾಡು ಮಾಡು ಅಂತ ಹೇಳು. ಒಂದೇ ಸಾಕು."

ಇನ್ನು ನನ್ನ ಮಾತು. ನನಗೆ ಸಂಗೀತ ಗೊತ್ತಿಲ್ಲ. ನನಗೆ ಗೊತ್ತಿರುವುದು ಮೂಳೆ, ಮಾಂಸ, ಉಸಿರು. ಆ ಲೆಕ್ಕದಲ್ಲೇ ಹೇಳುತ್ತೇನೆ. ನಿನ್ನ ಹಾಡುಗಳು ಒಳ್ಳೆಯ ಹಾಡುಗಳು. ಹಗುರವೆಂದು ಯಾರಾದರೂ ಮೂಗು ಮುರಿದರೆ ಅವರನ್ನು ನನ್ನ ಕೋಣೆಗೆ ಕಳಿಸು. ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸುವುದು ಎಷ್ಟು ಕಷ್ಟವೆಂದು ತೋರಿಸುತ್ತೇನೆ. ಆದರೆ ಈಗ ನೂರಾರು ಸಲ ಕೇಳಿದ ಮೇಲೆ ನನಗೊಂದು ವಿಷಯ ಕಾಣುತ್ತಿದೆ. ಅದರಲ್ಲಿ ಎಲ್ಲೂ ನಿನ್ನ ಉಸಿರಿನ ಸದ್ದಿಲ್ಲ. ಸಣ್ಣವಳಿದ್ದಾಗ ನೀನು ಉದ್ದದ ಸಾಲು ಹಾಡುವ ಮುಂಚೆ ಸೊರ್ ಎಂದು ಗಾಳಿ ಎಳೆಯುತ್ತಿದ್ದೆ, ನಾನು ಪಕ್ಕದ ಕೋಣೆಯಿಂದಲೇ ಅಣಕಿಸುತ್ತಿದ್ದೆ. ಆ ಗಾಳಿಯನ್ನೆಲ್ಲ ಯಂತ್ರ ಕತ್ತರಿಸಿ ಎಸೆದಿದೆ. ದನಿಯನ್ನು ಒಗೆದು ಇಸ್ತ್ರಿ ಮಾಡಿದ ಹಾಗಿದೆ, ಒಂದು ಸುಕ್ಕಿಲ್ಲ. ಸಾಲಿನಿಂದ ಸಾಲಿಗೆ, ಹಾಡಿನಿಂದ ಹಾಡಿಗೆ ನೀನು ಓಡುತ್ತಲೇ ಇದ್ದೀಯ. ನನ್ನ ರೋಗಿಗಳಲ್ಲಿ ಯಾರಾದರೂ ಹಾಗೆ ಉಸಿರು ಬಿಗಿಹಿಡಿದು ನಡೆದರೆ ನಾನು ತಡೆದು ನಿಲ್ಲಿಸುತ್ತೇನೆ, ಅವರು ಬೀಳುತ್ತಾರೆಂದು ನನಗೆ ಗೊತ್ತು.

ಎರಡನೇ ಆಲ್ಬಂ ಮಾಡು. ಜೋರಾಗಿಯೇ ಮಾಡು. ನನ್ನ ಕೋಣೆಗೆ ಅದು ಬೇಕು. ಆದರೆ ಅದಕ್ಕೂ ಮುಂಚೆ ಒಂದು ನಾಲ್ಕು ದಿನ ನಮ್ಮ ಮನೆಗೆ ಬಾ. ಏನೂ ಹಾಡಬೇಡ. ಹಿಂದಿನ ಕೋಣೆ ಖಾಲಿ ಮಾಡಿಸಿದ್ದೇನೆ. ಭಾವ ನಿನ್ನನ್ನು ಏನೂ ಕೇಳುವುದಿಲ್ಲ, ಅವರ ಬೆನ್ನಿನ ಕಥೆಯನ್ನೇ ಹೇಳುತ್ತಾರೆ. ನೀನು ಮಲಗಿರು, ನಾನು ರಜೆ ಹಾಕುತ್ತೇನೆ.

ನಿನ್ನ ಕೊರಳು ಗಟ್ಟಿಯಾಗಿರಲಿ. ನಿನ್ನ ಹಾಡು ಕೇಳಿ ಎದ್ದು ನಿಂತವರೆಲ್ಲರ ಹರಕೆ ನಿನ್ನ ಮೇಲಿರಲಿ. ನನ್ನದು ಹುಟ್ಟಿದಾಗಿನಿಂದ ಇದ್ದೇ ಇದೆ.

ನಿನ್ನ ಅಕ್ಕ

ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಹೋದ ವರ್ಷ ಆ ಆಸ್ಪತ್ರೆಯಲ್ಲಿ, ಉಸಿರಿಲ್ಲದೆ ಹುಟ್ಟಿದ ಮಗುವನ್ನು ನರ್ಸು ಬಟ್ಟೆಯಲ್ಲಿ ಸುತ್ತಿ ತಂದು, "ಒಂದ್ಸಲ ನೋಡ್ತೀರಾ?" ಎಂದು ಕೇಳಿದಾಗ ನೀನು ಗೋಡೆಯ ಕಡೆ ತಿರುಗಿದೆ. ನಿನ್ನ ಯಜಮಾನರು ಹೊರಗೆ ಕಾರಿಡಾರಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದವರು ಒಳಗೆ ಬರಲೇ ಇಲ್ಲ. ತಪ್ಪೆಂದು ಹೇಳುತ್ತಿಲ್ಲ, ಇಬ್ಬರನ್ನೂ ನಾನು ಯಾವತ್ತೂ ತಪ್ಪೆಂದಿಲ್ಲ. ಮುಂದಿನ ತಿಂಗಳೇ ನೀನು ಸ್ಟುಡಿಯೋಗೆ ಹೋದೆ, ನಾವ್ಯಾರೂ ಆ ಮಾತೆತ್ತಲಿಲ್ಲ. ಆದರೆ ಅವತ್ತು ನರ್ಸಿನ ಕೈಯಿಂದ ನಾನು ಅವಳನ್ನು ಎತ್ತಿಕೊಂಡೆ, ಪೀಪಿ. ಹೌದು, ಹೆಣ್ಣು ಮಗು. ಅದನ್ನೂ ನೀನು ಕೇಳಿರಲಿಲ್ಲ. ಬಹಳ ಹೊತ್ತು ಎತ್ತಿಕೊಂಡೇ ಇದ್ದೆ. ಅವಳ ಮೂಗು ಯಾರದು, ಬೆರಳು ಯಾರವು, ಕೂದಲು ಹೇಗಿತ್ತು, ಎಲ್ಲ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ನೀನು ಕೇಳದೆ ಹೇಳಕೂಡದು. ನಮ್ಮವರಲ್ಲಿ ಅವಳನ್ನು ನೋಡಿದವಳು ನಾನೊಬ್ಬಳೇ. ಒಬ್ಬಳೇ ನೆನಪಿಟ್ಟುಕೊಂಡಿರುವುದು ಕಷ್ಟವಾಗುತ್ತಿದೆ. ಬಂದು ಕೇಳು.